ಶಾಂಭವಿ ಹೇಳಿದ ಸಾಕ್ಷಿ

ಶಿವಮೊಗ್ಗದ ಕೋರ್ಟಿನಲ್ಲಿ ಹೊಸದಾಗಿ ಸೇರಿದ ಬೆರಳಚ್ಚುಗಾರರನ್ನು ಶಾಂಭವಿಯ ಪಕ್ಕ ಕೂರಿಸುವುದು ವಾಡಿಕೆ. ವಿನೋಬನಗರದ ಈ ಹಿರಿಯ ಬೆರಳಚ್ಚುಗಾರ್ತಿ ಬೈಯುವುದರಲ್ಲೂ ಕಲಿಸುವುದರಲ್ಲೂ ಒಂದು ಕೈ ಮುಂದೆ.

"ಒಂದು ಸಂಗತಿಗೆ ಒಂದೇ ವಾಕ್ಯ. ಅದರ ಕೊನೆಗೆ ಪೂರ್ಣವಿರಾಮ. ಆಶ್ಚರ್ಯಸೂಚಕ ನಮ್ಮ ಮೆಷಿನ್‌ನಲ್ಲಿ ಇಲ್ಲ ಅಂತ್ಲೇ ತಿಳ್ಕೋ ಮಾರಾಯ್ತಿ. ಸಾಕ್ಷಿ 'ಇರಬಹುದು' ಅಂದ್ರೆ ನೀನು 'ಇದೆ' ಅಂತ ಹೊಡೀಬೇಡ. ಅವರು ಹೇಳಿದ್ದನ್ನ ಬಿಡಬೇಡ, ಹೇಳದೇ ಇದ್ದಿದ್ದನ್ನ ಸೇರಿಸಬೇಡ."

ಹೀಗೆ ಬೈಸಿಕೊಂಡು ಕಲಿತವರಲ್ಲಿ ಸುಮನಾ ಒಬ್ಬಳು. ಕಲಿತ ಮೇಲೆ ಅವಳಿಗೆ ಭದ್ರಾವತಿ ಕೋರ್ಟಿಗೆ ವರ್ಗವಾಯಿತು. ಶಾಂಭವಿಯನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು.

ಎರಡು ಸಾವಿರದ ಇಸವಿಯಲ್ಲಿ ಮಾಚೇನಹಳ್ಳಿಯ ಹತ್ತಿರ ಲಾರಿಯೊಂದು ಶಾಂಭವಿಯ ಗಂಡ ರುದ್ರೇಶನ ಸ್ಕೂಟರಿಗೆ ಬಡಿಯಿತು. ಹಿಂದೆ ಕೂತಿದ್ದ ಶಾಂಭವಿ ಉಳಿದಳು, ರುದ್ರೇಶ ಉಳಿಯಲಿಲ್ಲ. ಲಾರಿ ಚಾಲಕನ ಮೇಲಿನ ಕೇಸು ಎರಡು ವರ್ಷದ ಮೇಲೆ ಭದ್ರಾವತಿಯಲ್ಲಿ ವಿಚಾರಣೆಗೆ ಬಂತು. ಕಣ್ಣಾರೆ ಕಂಡ ಸಾಕ್ಷಿ ಶಾಂಭವಿ ಒಬ್ಬಳೇ. ನ್ಯಾಯಾಧೀಶರ ಮುಂದೆ ಬೆರಳಚ್ಚು ಯಂತ್ರದ ಹಿಂದೆ ಕೂತಿದ್ದವಳು ಸುಮನಾ. ಹಿಂದಿನ ಬೆಂಚಿನಲ್ಲಿ ಶಾಂಭವಿಯ ಅತ್ತೆ ಕಾಶಮ್ಮ ಸೆರಗು ಹಿಡಿದು ಕೂತಿದ್ದರು. ತಪ್ಪು ಮಗನದಲ್ಲ ಎಂದು ಕೋರ್ಟು ಹೇಳಿದರೆ ಸಾಕು ಎಂಬುದೊಂದೇ ಅವರ ಆಸೆ.

ಲಾರಿಯವನ ವಕೀಲ ನರಸಿಂಹಮೂರ್ತಿ ಸುತ್ತುಬಳಸಿ ಕೇಳಿ ಕೊನೆಗೆ ಅಲ್ಲಿಗೇ ಬಂದರು. "ನಿಮ್ಮ ಯಜಮಾನ್ರು ಮುಂದೆ ನೋಡ್ಕೊಂಡೇ ಗಾಡಿ ಓಡಿಸ್ತಿದ್ರೇನಮ್ಮ?"

ಹೌದು ಎಂದುಬಿಟ್ಟಿದ್ದರೆ ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ಆದರೆ ಶಾಂಭವಿ ಆಗಷ್ಟೇ ಪ್ರಮಾಣ ಮಾಡಿದ್ದಳಲ್ಲ.

"ಇಲ್ಲ ಸರ್. ನಾನೇನೋ ಕೇಳ್ದೆ. ಉತ್ತರ ಹೇಳಕ್ಕೆ ಹಿಂದೆ ತಿರುಗಿದ್ರು."

ಎರಡು ವರ್ಷ ಅವಳು ಯಾರಿಗೂ ಇದನ್ನು ಹೇಳಿರಲಿಲ್ಲ. ಕಾಶಮ್ಮ ಬೆಂಚಿನ ಅಂಚು ಹಿಡಿದುಕೊಂಡರು. ನ್ಯಾಯಾಧೀಶರು ಆ ಮಾತನ್ನು ಹೇಳಿ ಬರೆಸಿದರು. ವಕೀಲರು ಕಡೆಯದಾಗಿ ಎಲ್ಲ ಸಾಕ್ಷಿಗಳಿಗೂ ಕೇಳುವ, ನೀವು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ ಅಲ್ಲವೇ ಎಂಬ ಪ್ರಶ್ನೆ ಕೇಳಿ, ಅಲ್ಲ ಎನಿಸಿಕೊಂಡು ಫೈಲು ಕಟ್ಟತೊಡಗಿದರು.

ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕು. ಸಾಕ್ಷಿ ಸರಿಯಿದೆ ಎಂದು ಸಹಿ ಹಾಕಬೇಕು. ಸುಮನಾ ತಲೆಯೆತ್ತದೆ ಓದುತ್ತಾ ಹೋದಳು. "ಸ್ಕೂಟರು ರಸ್ತೆಯ ಎಡಬದಿಯಲ್ಲಿತ್ತು. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂಬುದು ಸರಿಯಲ್ಲ."

ನಡುವೆ ಬರಬೇಕಿದ್ದ, ರುದ್ರೇಶ ಹಿಂದೆ ತಿರುಗಿದ ಮಾತೇ ಇರಲಿಲ್ಲ. ಅಕ್ಕನ ಮೇಲಿನ ಪ್ರೀತಿಗೆ ಹುಡುಗಿ ನೌಕರಿಯನ್ನೇ ಪಣಕ್ಕಿಟ್ಟಿದ್ದಳು! ನ್ಯಾಯಾಧೀಶರು ಮುಂದಿನ ಕೇಸಿನ ಕಾಗದ ನೋಡುತ್ತಿದ್ದರು, ವಕೀಲರು ಬೇರೆ ಯಾರೊಂದಿಗೋ ಮಾತಾಡುತ್ತಿದ್ದರು. ಒಂದು ಸಹಿ ಹಾಕಿದರೆ ರುದ್ರೇಶನ ಮೇಲೆ ಎಳ್ಳಷ್ಟೂ ತಪ್ಪು ಉಳಿಯುತ್ತಿರಲಿಲ್ಲ. ಶಾಂಭವಿ ಪೆನ್ನು ಹಿಡಿದು ನಿಂತಳು. ಸಹಿ ಹಾಕಿಬಿಡಲು ಅವಳಿಗೆ ತುಂಬಾ ಆಸೆಯಾಯಿತು.

"ಒಂದು ಸಾಲು ಬಿಟ್ಟುಹೋಗಿದೆ ಸುಮನಾ."

"ಅಕ್ಕಾ..."

"ಹೊಡಿ. ನಾನು ಕಾಯ್ತೀನಿ."

ಸುಮನಾ ಕಣ್ಣೊರೆಸಿಕೊಂಡು ಹಾಳೆಯನ್ನು ಮತ್ತೆ ಯಂತ್ರಕ್ಕೆ ಏರಿಸಿದಳು. ಮೂರು ಪುಟ್ಟ ವಾಕ್ಯಗಳು, ಮೂರು ಪೂರ್ಣವಿರಾಮ. ಸೇರಿಸಿದ್ದಕ್ಕೆ ನ್ಯಾಯಾಧೀಶರ ಸಹಿಯಾಯಿತು. ಶಾಂಭವಿ ಸರಿಯಿದೆ ಎಂದು ಸಹಿ ಹಾಕಿದಳು.

ಹೊರಗೆ ಜಗುಲಿಯಲ್ಲಿ ಕಾಶಮ್ಮ ನಿಂತಿದ್ದರು. ಬೈಗುಳಕ್ಕೆ ಸಿದ್ಧಳಾಗಿಯೇ ಶಾಂಭವಿ ಹತ್ತಿರ ಹೋದಳು.

"ಅವತ್ತು ಏನು ಕೇಳಿದ್ದೆ ಅವನ್ನ?" ಎಂದರು ಕಾಶಮ್ಮ.

ಒಳಗೆ ಯಾರೂ ಕೇಳದ ಪ್ರಶ್ನೆ ಅದು.

"ನಿಮಗೆ ಬೀಪಿ ಮಾತ್ರೆ ಅಂಗಡಿಯಿಂದ ತಗೊಂಡ್ರಾ ಅಂತ ಅವರನ್ನ ಕೇಳ್ದೆ, ಅತ್ತೆ."

ಕಾಶಮ್ಮ ಕುಸಿದು ಮೆಟ್ಟಿಲ ಮೇಲೆ ಕೂತರು. ಆಮೇಲೆ ಸೊಸೆಯ ಕೈ ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡರು.

"ಇದನ್ನ ಒಬ್ಬಳೇ ಹೊತ್ಕೊಂಡಿದ್ದೆಯಲ್ಲೇ ತಾಯಿ," ಎಂದು ಜೋರಾಗಿ ಅತ್ತರು.