ರಂಗೋಲಿ ನಕಾಶೆಯಲ್ಲಿ ಮೂಡಿದ ಬಾವಿ

ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ, ಕಣ್ಣಿಗೆ ಕಾಣದ್ದನ್ನು ನಂಬುವವಳು ನಾನಲ್ಲ. ಗಾಳಿ ಸೋಕಿತು, ಮೈಮೇಲೆ ಬಂತು ಎಂದು ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಮಾತಾಡುವಾಗ ನಾನು ಸುಮ್ಮನೆ ಎದ್ದು ಒಳಗೆ ಬರುತ್ತಿದ್ದೆ. ಎದುರಾಡುವ ಧೈರ್ಯವಿರಲಿಲ್ಲ, ಒಳಗೊಳಗೇ ನಗು ಬರುತ್ತಿತ್ತು. ನಿಮ್ಮ ಅಜ್ಜ ಹೋದ ಮೇಲೆ, ಅವರು ಕನಸಿನಲ್ಲಾದರೂ ಬಂದು ಏನಾದರೂ ಹೇಳಿದರೇ ಎಂದು ಎಷ್ಟೋ ಜನ ಕೇಳಿದರು. ಇಲ್ಲ ಎಂದೇ ಹೇಳಿದೆ. ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಇಂಥವಳ ಕಣ್ಣೆದುರು, ನಡುಹಗಲಿನಲ್ಲಿ, ಊರಿನ ಅಷ್ಟೊಂದು ಹೆಂಗಸರ ನಡುವೆ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ವರ್ಷಗಳಾದವು. ಆದರೂ ಹೇಳಲು ಹೊರಟರೆ ಇಂದಿಗೂ ಮಾತುಗಳು ಒಂದರ ಮೇಲೊಂದು ಬೀಳುತ್ತವೆ.

ಆಗ ನಮ್ಮ ಮುಂದಿನ ಕೋಣೆಯಲ್ಲಿ ರೆಹಾನಾ ಬಾಡಿಗೆಗಿದ್ದಳು. ಸಂಶಿಯ ಹುಡುಗಿ. ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದು ಅವಳ ಕೆಲಸ. ನವಲಗುಂದ ತಾಲೂಕಿನ ನಮ್ಮ ಊರಿನ ಕೆರೆ, ದಾರಿ, ಬಾವಿ, ಬೋರು, ಮುಂದೆ ಕಟ್ಟಬೇಕಾದ ಕಟ್ಟಡ, ಎಲ್ಲವನ್ನೂ ಒಂದೇ ನಕಾಶೆಗೆ ತರಲು ಬಂದಿದ್ದಳು. ಅವಳು ಒಬ್ಬಳೇ ಮಾಡುತ್ತಿದ್ದ ಮೊದಲ ನಕಾಶೆ ಅದು. ಸಂಜೆ ನಾನು ಚಹಾ ಕೊಡಲು ಹೋದಾಗ ತೆರೆಯನ್ನು ನನ್ನ ಕಡೆ ತಿರುಗಿಸಿ ತೋರಿಸುತ್ತಿದ್ದಳು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಇರುತ್ತಿತ್ತು ಅದು. ಎಲ್ಲಕ್ಕಿಂತ ಕೆಳಗೆ ಆಕಾಶದಿಂದ ತೆಗೆದ ಚಿತ್ರ, ಅದರ ಮೇಲೆ ಹೊಲದ ಗಡಿ, ಅದರ ಮೇಲೆ ದಾರಿ, ಅದರ ಮೇಲೆ ನೀರು. ಬೇಕಾದ ಹಾಳೆಯನ್ನು ತೆಗೆಯಬಹುದು, ಮತ್ತೆ ಇಡಬಹುದು. ಮಾಳಿಗೆಯ ಮೇಲೆ ನಾನು ಒಣಹಾಕಿದ್ದ ಮೆಣಸಿನಕಾಯಿ ಆಕಾಶದ ಚಿತ್ರದಲ್ಲಿ ಕೆಂಪು ಚುಕ್ಕೆಯಾಗಿ ಕಂಡ ದಿನ ನಾನು ಕೂತಲ್ಲಿ ಕೂರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಓದಿದವಳಿಗೆ ಭೂಗೋಳ ಇಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಕಂಪ್ಯೂಟರಿಗೆ ಹಾಕುವ ಮೊದಲು ಊರಿನವರ ಕೈಯಿಂದಲೇ ಒಂದು ನಕಾಶೆ ಬರೆಸುವುದು ಅವಳ ಪದ್ಧತಿ. ಶಾಲೆಯ ಅಂಗಳ ಸಾರಿಸಿ ಹೆಂಗಸರನ್ನು ಕೂಡಿಸಿದಳು. ಗೆರೆ ಎಳೆಯಲು ರಂಗೋಲಿ, ಬಾವಿಗೆ ಅರಿಶಿಣ, ಬೋರಿಗೆ ಕುಂಕುಮ, ಮನೆಗಳಿಗೆ ಜೋಳದ ಕಾಳು. ಮಾತಾಡುವವರು ಮಾತಾಡಿದರು. ಮಾತು ಬಾರದ ನನಗೆ ಗೆರೆ ಎಳೆಯುವ ಕೆಲಸ ಬಂತು. ಅರಿಶಿಣದ ತಟ್ಟೆ ನಮ್ಮ ಓಣಿಯ ಗಂಗವ್ವನ ಕೈಯಲ್ಲಿತ್ತು. ಅವಳು ಅದನ್ನು ಯಾರಿಗೂ ಕೊಡಲಿಲ್ಲ, ಇದ್ದ ಬಾವಿಗಳನ್ನೆಲ್ಲ ತಾನೇ ಇಟ್ಟಳು. ರೆಹಾನಾ ನಡುನಡುವೆ ಫೋಟೋ ತೆಗೆಯುತ್ತಿದ್ದಳು, ಕೆಲಸ ಮುಗಿದ ಮೇಲೆ ಮೇಜು ಹತ್ತಿ ನಿಂತು ಇಡೀ ನಕಾಶೆಯದೊಂದು ತೆಗೆದಳು.

ಮರುದಿನ ಆ ಫೋಟೋವನ್ನು ಆಕಾಶದ ಚಿತ್ರದ ಮೇಲೆ ಕೂಡಿಸಿ ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಏ ತಂಗಿ, ಕೆರಿ ತಂದು ಅಧ್ಯಕ್ಷರ ಪಡಸಾಲ್ಯಾಗ ಇಟ್ಟೀಯಲ್ಲವಾ!" ಎಂದಳು ಗಂಗವ್ವ. "ಇನ್ನ ಕೊಡಾ ತಗೊಂಡು ಅವ್ರ ಮನಿಗೇ ಹೋಗೂಣು ಬಿಡ್ರಿ."

ರೆಹಾನಾ ಹಣೆ ಬಡಿದುಕೊಂಡಳು. "ತಪ್ಪು ನಂದರಿ. ನಕಾಶಿಗೆ ಉತ್ತರ ಮ್ಯಾಲಿರ್ತದ. ನೀವು ಮೂಡಣ ಮ್ಯಾಲ ಮಾಡಿ ಬರದೀರಿ."

"ರಂಗೋಲಿ ಮತ್ತ ಯಾ ಕಡೆ ಮಾರಿ ಮಾಡಿ ಹಾಕ್ತಾರ? ನಿಮ್ಮ ಕಂಪ್ಯೂಟರಿಗೆ ಅಷ್ಟೂ ತಿಳಿಯಂಗಿಲ್ಲೇನ?"

ರೆಹಾನಾ ಚಿತ್ರವನ್ನು ತಿರುಗಿಸಿದಳು. ಕೆರೆ ಕೆರೆಯ ಮೇಲೆ ಕೂತಿತು, ಗುಡಿ ಗುಡಿಯ ಮೇಲೆ, ದರ್ಗಾ ದರ್ಗಾದ ಮೇಲೆ, ಬಾವಿ ಬಾವಿಯ ಮೇಲೆ. ನನಗೆ ಚಪ್ಪಾಳೆ ತಟ್ಟುವಷ್ಟು ಸಂತೋಷವಾಯಿತು. ಆಗಲೇ ಎಲ್ಲರ ಕಣ್ಣೂ ಒಂದು ಕಡೆ ನಿಂತಿತು. ಊರ ಹೊರಗಿನ ಖಾಲಿ ಬಯಲಿನಲ್ಲಿ, ಯಾವ ಬಾವಿಯೂ ಇಲ್ಲದ ಜಾಗದಲ್ಲಿ, ಅರಿಶಿಣದ ಒಂದು ಸುತ್ತು ಇತ್ತು. ಚೆಲ್ಲಿದ್ದಲ್ಲ. ದುಂಡಗೆ ಬರೆದದ್ದು. ಅದರ ಪಡುವಣ ಬದಿಗೆ ಹಣಿಗೆಯ ಹಲ್ಲಿನಂತೆ ಸಣ್ಣ ಸಣ್ಣ ಗೆರೆಗಳು.

"ನಾ ಇಟ್ಟಿಲ್ಲ," ಎಂದಳು ಗಂಗವ್ವ. ಅವಳ ನಗು ನಿಂತಿತ್ತು. "ನಾ ಬಾವಿಗೆ ಒಂದು ಚಿವುಟಿ ಇಡ್ತೀನಿ. ಹಿಂಗ ಸುತ್ತು ಬರಿಯೂದು ಯಕ್ಕಾ ನೀ."

ನಾನು ಅರಿಶಿಣ ಮುಟ್ಟಿರಲಿಲ್ಲ. ರೆಹಾನಾ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಒಂದೊಂದಾಗಿ ತೆಗೆದಳು. ಒಂದರಲ್ಲಿ ಆ ಜಾಗ ಬರೀ ನೆಲ. ಮುಂದಿನದರಲ್ಲಿ ಸುತ್ತು ಮೂಡಿದೆ. ಎರಡರಲ್ಲೂ ಗಂಗವ್ವ ಕೆರೆಯ ಹತ್ತಿರ ತಟ್ಟೆ ಹಿಡಿದು ಕೂತಿದ್ದಾಳೆ. ನಾನು ಗುಡಿಯ ಹತ್ತಿರ ಬಗ್ಗಿದ್ದೇನೆ, ಬೆರಳೆಲ್ಲ ಬಿಳಿ. ಆ ಬಯಲಿನ ಸುತ್ತ ಯಾರ ಕೈಯೂ ಇಲ್ಲ.

ಯಾರೋ ಚೇಷ್ಟೆ ಮಾಡಿದ್ದಾರೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ರೆಹಾನಾ ಇನ್ನೊಂದು ಹಾಳೆಯನ್ನು ಮೇಲೆ ಇಟ್ಟಳು. ಅದು ಹೊಸ ಕಟ್ಟಡಗಳ ಹಾಳೆ. ಸುತ್ತು ಬಿದ್ದದ್ದು ಸರಿಯಾಗಿ ಹೊಸ ಅಂಗನವಾಡಿಯ ಜಾಗದಲ್ಲಿ, ಚಿಕ್ಕ ಮಕ್ಕಳು ಕೂರುವ ಕೋಣೆಯ ಕೆಳಗೆ. ಮರುದಿನವೇ ಬುನಾದಿ ತೋಡುವವರಿದ್ದರು.

ರೆಹಾನಾ ಫೋನು ಹಿಡಿದು ಆ ಜಾಗಕ್ಕೆ ಹೋಗಿಬಂದಳು. ತಾನು ನಿಂತು ನೋಡದ ಚುಕ್ಕೆಯನ್ನು ಅವಳು ನಕಾಶೆಯಲ್ಲಿ ಉಳಿಸುತ್ತಿರಲಿಲ್ಲ. "ಬರೇ ಎರಿ ಮಣ್ಣು, ಜಾಲಿ ಕಂಟಿ ಅಷ್ಟರಿ ಆಯಿ. ಇದನ್ನ ಅಳಿಸ್ಲೇನು?" ಎಂದು ಕೇಳಿದಳು. "ಬ್ಯಾಡ," ಎಂದೆ. ಅವಳು ಸುತ್ತನ್ನು ಹಾಗೆಯೇ ಉಳಿಸಿದಳು.

ಬೆಳಿಗ್ಗೆ ಜೆಸಿಬಿ ಬಂದ ಸದ್ದು ಕೇಳಿ ರೆಹಾನಾ, ಗಂಗವ್ವ, ನಾನು ಮೂವರೂ ಬಯಲಿಗೆ ಓಡಿದೆವು. ಪಂಚಾಯತಿ ಅಧ್ಯಕ್ಷ ಬಸನಗೌಡರು ತೆಂಗಿನಕಾಯಿ ಒಡೆಯಲು ನಿಂತಿದ್ದರು. ರೆಹಾನಾ ವಿಷಯ ಹೇಳಿದಾಗ ಅವರು ಸಿಟ್ಟಾಗಲಿಲ್ಲ, ನಕ್ಕರು. "ಅರಿಷಿಣ ಬಿದ್ದಲ್ಲೆಲ್ಲಾ ಬಾವಿ ಅದಾವ ಅಂದ್ರ, ಲಗ್ನದ ಮನ್ಯಾಗ ಕಾಲಿಡಾಕ ಜಾಗಾ ಇರೂದಿಲ್ಲವಾ ತಂಗಿ." ನಿಂತ ಗಂಡಸರೆಲ್ಲ ನಕ್ಕರು. ರೆಹಾನಾಳ ಮುಖ ಕೆಂಪಾಯಿತು. ಅವಳು ನೆಲ ನೋಡತೊಡಗಿದಳು.

ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಹೀಗೆ ಗಂಡಸರ ಗುಂಪಿನೆದುರು ನಾನು ಬಾಯಿ ತೆರೆದವಳಲ್ಲ. ಅಂದು ಸೆರಗು ಬಿಗಿ ಹಿಡಿದು ಮುಂದೆ ಹೋದೆ. "ಗೌಡ್ರ, ಒಂದ ಕಡೆ ತೋಡಿ ನೋಡ್ರಿ. ಏನೂ ಇರ್ಲಿಕ್ರ ನಕ್ಕೊಂತ ಮನಿಗೆ ಹೋಗೂಣು. ಇದ್ರ, ಮಕ್ಕಳು ಅದರ ಮ್ಯಾಲ ಕುಂದ್ರತಾವ್ರಿ." ನನ್ನ ದನಿ ನನಗೇ ಗುರುತಾಗಲಿಲ್ಲ. ಬಸನಗೌಡರಿಗೂ ಅದು ಹೊಸದು. ಒಂದು ಕ್ಷಣ ನನ್ನನ್ನು ನೋಡಿ, ತೋಡು ಎಂದು ಕೈ ಮಾಡಿದರು.

ರೆಹಾನಾ ಫೋನಿನ ನೀಲಿ ಚುಕ್ಕೆಯನ್ನು ನೋಡುತ್ತ ನಡೆದು ಒಂದು ಕಡೆ ನಿಂತಳು. ಜೆಸಿಬಿ ತೋಡಿತು. ಕಪ್ಪು ಮಣ್ಣು ಬಂತು, ಮತ್ತೆ ಕಪ್ಪು ಮಣ್ಣು. ಗಂಡಸರು ಬೀಡಿ ಹಚ್ಚಿದರು. ಆಮೇಲೆ ಕಬ್ಬಿಣ ಕಲ್ಲಿಗೆ ತಾಗಿದ ಸದ್ದು. ಅಗಲವಾದ ಚಪ್ಪಡಿ. ಚಾಲಕ ಅದರ ಅಂಚನ್ನು ಎತ್ತಿದನೋ ಇಲ್ಲವೋ, ಸುತ್ತಲಿನ ಮಣ್ಣು ಸರಸರ ಒಳಗೆ ಇಳಿಯತೊಡಗಿತು. ಎಲ್ಲರೂ ಹಿಂದಕ್ಕೆ ಓಡಿದರು. ಒಳಗೆ ಎಲ್ಲೋ ಆಳದಲ್ಲಿ, ಕಲ್ಲು ನೀರಿಗೆ ಬಿದ್ದ ಸದ್ದು! ಗಂಗವ್ವ ನನ್ನ ತೋಳನ್ನು ಹಿಡಿದ ಗುರುತು ಸಂಜೆಯವರೆಗೂ ಕೆಂಪಗಿತ್ತು. ಧೂಳು ಕೂತ ಮೇಲೆ ಇಣುಕಿ ನೋಡಿದೆವು. ದುಂಡನೆಯ ಕಲ್ಲಿನ ಬಾವಿ. ಪಡುವಣ ಬದಿಯಿಂದ ಒಳಗೆ ಇಳಿದ ಮೆಟ್ಟಿಲುಗಳು.

ಬಸನಗೌಡರ ಕೈಯಲ್ಲಿ ತೆಂಗಿನಕಾಯಿ ಹಾಗೆಯೇ ಇತ್ತು. "ಯವ್ವಾ, ನಿನಗ ಹ್ಯಾಂಗ ಗೊತ್ತಾತು?" ಎಂದರು. ನನಗೆ ಗೊತ್ತಿರಲಿಲ್ಲ. ನಾನು ಕಲಘಟಗಿ ಕಡೆಯ ದೇವಿಕೊಪ್ಪದಿಂದ ಸೊಸೆಯಾಗಿ ಬಂದವಳು. ಊರಿನ ಅತಿ ಹಿರಿಯರೂ ಅಲ್ಲಿ ಬಾವಿಯಿತ್ತೆಂದು ಕೇಳಿದವರಲ್ಲ. ಎಂದೋ ಕೇಳಿ ಮರೆತದ್ದು ಯಾರದೋ ಕೈಯಿಂದ ಬಂದಿರಬೇಕೆಂದು ಶಾಲೆಯ ಮೇಷ್ಟ್ರು ಹೇಳಿದರು. ಇರಬಹುದು. ಹಾಗಾದರೆ ಆ ಕೈ ಫೋಟೋದಲ್ಲಿ ಯಾಕಿಲ್ಲ? ಎಷ್ಟು ಸಲ ಯೋಚಿಸಿದರೂ ನನ್ನ ಯೋಚನೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದರು. ಅಂಗನವಾಡಿಯನ್ನು ಬಯಲಿನ ಇನ್ನೊಂದು ಅಂಚಿಗೆ, ಗಟ್ಟಿ ನೆಲ ನೋಡಿ ಕಟ್ಟಿದರು. ನಿಮ್ಮಲ್ಲಿ ಚಿಕ್ಕವಳು ಹಾಡು ಕಲಿತದ್ದು ಅಲ್ಲಿಯೇ.

ರೆಹಾನಾ ಈಗ ಬೇರೆ ಊರುಗಳ ನಕಾಶೆ ಮಾಡುತ್ತಾಳೆ. ಮೊನ್ನೆ ದುಮ್ಮವಾಡದ ಕಡೆಯಿಂದ ಫೋನು ಮಾಡಿದ್ದಳು. ಹೆಂಗಸರು ಬರೆದು ಮುಗಿಸಿ ಕೈ ತೊಳೆದುಕೊಂಡ ಮೇಲೂ ಅವಳು ಫೋಟೋ ತೆಗೆಯದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳಂತೆ.

"ಯಾಕ ನಿಂದರ್ತೀಯವಾ?" ಎಂದೆ.

"ಇನ್ನೂ ಯಾರರ ಇಡೋರಿದ್ರ ಇಡ್ಲಿ ಅಂತರಿ ಆಯಿ."

ನಾನು ನಕ್ಕೆ. ಅವಳು ನಗಲಿಲ್ಲ.