ಶಂಭುಲಿಂಗನ ‘ಭಾಳ ಖರೇ’ ಟೇಬಲ್

೨೩ ಜುಲೈ ೨೦೨೪, ಮಂಗಳವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ಮಧ್ಯಾಹ್ನ ಬಿಸಿಲು ಬಂದು, ವಿಳಾಸ ತಪ್ಪಿದ ಅತಿಥಿಯಂತೆ ಮರಳಿತು.

ರಾಯಾಪುರದ ನಮ್ಮ ಬೀಜ ಬೆಳೆಗಾರರ ಸಂಘದ ಕಂಪ್ಯೂಟರ್ ಕೆಲಸವೆಲ್ಲ ಶಂಭುಲಿಂಗನದು. ಯಾರಿಗೂ ಇಲ್ಲವೆನ್ನದ ಸಜ್ಜನ. ಡೇಟಾಬೇಸಿಗೆ ಮುಳುವಾದದ್ದು ಆ ಸೌಜನ್ಯವೇ. ನಿರ್ದೇಶಕರು ಪಟ್ಟಿ ಕೇಳಿದರೆ, ಕ್ವೆರಿಯ, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆಯ, ಉತ್ತರವನ್ನು ತೋರಿಸಿ ಸುಮ್ಮನಾಗದೆ ಅದನ್ನೇ ಹೊಸ ಟೇಬಲ್ ಮಾಡಿ ಇಟ್ಟುಬಿಡುತ್ತಾನೆ. ಶ್ರಮವೂ ಇಲ್ಲ: ಪೈಥಾನಿನಲ್ಲಿ ಎರಡು ಸಾಲು ಬರೆದರೆ ಓಆರ್‌ಎಂ ಎಂಬ ದುಭಾಷಿ ಅದನ್ನು ಡೇಟಾಬೇಸಿನ ಭಾಷೆಗೆ ತಿರುಗಿಸುತ್ತದೆ. ಹೀಗೆ ‘ಸದಸ್ಯರು’ ಎಂಬ ಮೂಲ ಟೇಬಲಿನ ಮಗ್ಗುಲಲ್ಲಿ ‘ಸದಸ್ಯರು_ಖರೇ’, ‘ಸದಸ್ಯರು_ಭಾಳ_ಖರೇ’ ಸುಖವಾಗಿ ಬಾಳುತ್ತಿವೆ.

ಸಂಘದ ಚುನಾವಣೆಗೆ ಅರ್ಜಿ ಕೊಡಲು ಇಂದೇ ಕಡೆಯ ದಿನ, ಸ್ವೀಕರಿಸುವವನು ನಾನು. ಹಿಂದಿನ ಹನ್ನೆರಡು ತಿಂಗಳಲ್ಲಿ ಸಂಘಕ್ಕೆ ಬೀಜ ಕೊಟ್ಟ ಸದಸ್ಯರಷ್ಟೇ ನಿಲ್ಲಬಹುದು. ಅಧ್ಯಕ್ಷ ಕುಬೇರಪ್ಪನವರ ಎದುರು ನಿಲ್ಲಲು ಉಪ್ಪಿನಬೆಟಗೇರಿಯ ಯಂಕವ್ವ ಬಂದರು. ಅತ್ತೆಯ ಷೇರು ಅವರ ಹೆಸರಿಗೆ ವರ್ಗವಾದದ್ದು ಕಳೆದ ತಿಂಗಳು; ಅಲ್ಲಿಯವರೆಗೆ ಅವರು ಕೊಟ್ಟ ಬೀಜವೆಲ್ಲ ಅತ್ತೆಯ ಖಾತೆಗೇ ಜಮೆಯಾಗುತ್ತಿತ್ತು.

“ಬೀಜ ಕೊಟ್ಟವರ ಪಟ್ಟ್ಯಾಗ ನಿಮ್ಮ ಹೆಸರಿಲ್ರಿ ಅವ್ವಾರ. ನಿಮ್ಮತ್ತಿಯವರದು ಐತಿ,” ಎಂದ ಶಂಭುಲಿಂಗ.

“ಹಂಗಾರ ಆಕಿನ್ನ ಕರಕೊಂಡು ಬರ್ಲೇನೋ ತಮ್ಮಾ? ಆಕಿ ಸತ್ತು ಎರಡು ವರ್ಷಾತು.”

ಅಲ್ಲೇ ಚಹಾ ಕುಡಿಯುತ್ತಿದ್ದ ಕುಬೇರಪ್ಪನವರು ಸಂತಾಪ ಸೂಚಿಸಿದರು. “ಕಂಪ್ಯೂಟರ್ ಸುಳ್ಳು ಹೇಳತೈತೇನವ್ವಾ? ಮುಂದಿನ ಸಲ ನೋಡೂಣಂತ.”

“ಇದು ಯಾವಾಗ ಮಾಡಿದ ಟೇಬಲ್ಲೋ?” ಎಂದೆ.

“ಯುಗಾದಿ ಮುಂದ್ರಿ ಸರ್ರ, ‘ಭಾಳ_ಖರೇ’. ಆವತ್ತು ಖರೇನ ಇತ್ರಿ.”

ಆವತ್ತಿನ ನಕಲು ಆವತ್ತಿನದೇ. ಮೂಲದಲ್ಲಿ ಹೆಸರು ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. ಅದೇ ಕ್ವೆರಿಯನ್ನು ಮೂಲದ ಮೇಲೆ ಮತ್ತೊಮ್ಮೆ ನಡೆಸಲು ಹೇಳಿದೆ. ಹಳೆಯದನ್ನು ಅಳಿಸಿ ಯಾರ ಮನಸ್ಸನ್ನೂ ನೋಯಿಸಲಾರದ ಶಂಭುಲಿಂಗ ‘ಸದಸ್ಯರು_ಇನ್ನೂ_ಖರೇ’ ಎಂಬ ಮತ್ತೊಂದನ್ನು ಹುಟ್ಟಿಸಿದ. ಅದರಲ್ಲಿ ಯಂಕವ್ವನವರ ಹೆಸರಿತ್ತು. ಕುಬೇರಪ್ಪನವರದು ಇರಲಿಲ್ಲ. ಅವರು ಸಂಘಕ್ಕೆ ಬೀಜ ಕೊಟ್ಟದ್ದು ಹೋದ ವರ್ಷದ ಮೇ ತಿಂಗಳಲ್ಲಿ; ಯುಗಾದಿಯ ಲೆಕ್ಕಕ್ಕೆ ಅದು ಸಿಕ್ಕಿತ್ತು, ಇಂದಿನದಕ್ಕೆ ಇಲ್ಲ. ಆಮೇಲೆ ಕೊಟ್ಟದ್ದು ಭಾಷಣ ಮಾತ್ರ.

“ಇದೇನಪಾ ಶಂಭುಲಿಂಗ?” ಎಂದರು ಅಧ್ಯಕ್ಷರು.

“ಕಂಪ್ಯೂಟರ್ ಸುಳ್ಳು ಹೇಳತೈತೇನ್ರಿ ಸಾಹುಕಾರ್ರ?” ಎಂದರು ಯಂಕವ್ವ, ಸೆರಗು ಸರಿಪಡಿಸಿಕೊಳ್ಳುತ್ತ.

ಕುಬೇರಪ್ಪನವರು ಲೋಟ ಕೆಳಗಿಟ್ಟರು. “ಹಳೇದು ಇಟ್ಟೀಯಲ್ಲ? ಅದನ್ನ ತಗದು ತೋರ್ಸು.”

“ಆತ್ರಿ,” ಎಂದ ಶಂಭುಲಿಂಗ, ಎಂದಿನಂತೆ. ಅವನು ಅದನ್ನು ಹುಡುಕುವಷ್ಟರಲ್ಲಿ ನಾನು ಹೊಸದನ್ನು ಮುದ್ರಿಸಿ, ಸಹಿ ಹಾಕಿ, ಯಂಕವ್ವನವರ ಅರ್ಜಿ ಸ್ವೀಕರಿಸಿ ಬಾಗಿಲು ಹಾಕಿಸಿದೆ. ಕಣದಲ್ಲಿ ಉಳಿದವರು ಅವರೊಬ್ಬರೇ.

ಇಂದಿನ ಖರ್ಚು: ಚಹಾ ೩೦ ರೂಪಾಯಿ, ಕುಬೇರಪ್ಪನವರದೂ ಸೇರಿ. ಗಿರ್ಮಿಟ್ ೨೫. ಬಸ್ಸು ೨೦. ಯಂಕವ್ವನವರ ಅರ್ಜಿಯ ಜೆರಾಕ್ಸ್ ೪. ಒಟ್ಟು ೭೯.