ಇವಳೇ ಎಂದರೆ ಓಗೊಡುವವರು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಸರ್ವರ್‌ಗಳಿದ್ದವು. ಅವನ್ನು ನೋಡಿಕೊಳ್ಳುವವಳನ್ನು ಎಲ್ಲರೂ ಸರ್ವರಮ್ಮ ಎನ್ನುತ್ತಿದ್ದರು. ಒಂದು ದುಡಿಯುತ್ತಿತ್ತು, ಇನ್ನೊಂದು ಸುಮ್ಮನೆ ಕೂತು ಅದರ ಮಿಡಿತ ಆಲಿಸುತ್ತಿತ್ತು. ಮಿಡಿತ ನಿಂತಿತೋ, ಕೂತದ್ದು ಎದ್ದು, ಬಿದ್ದದ್ದರ ವಿಳಾಸವನ್ನೇ ತನ್ನದು ಮಾಡಿಕೊಂಡು, 'ಇನ್ನು ಈ ವಿಳಾಸ ನನ್ನದು' ಎಂದು ಜಾಲಕ್ಕೆಲ್ಲ ಸಾರುತ್ತಿತ್ತು. ಕೆಳಗೆ ಒಂದು ಬಿದ್ದು ಇನ್ನೊಂದು ಎದ್ದದ್ದು ಮೇಲಿನ ಡಾಕ್ಟರುಗಳಿಗೆ ತಿಳಿಯುತ್ತಲೇ ಇರಲಿಲ್ಲ.

ಮನೆಯಲ್ಲಿ ಅವಳ ವಿಳಾಸ 'ಇವಳೇ'. ಗಂಡ ಹಾಗೆ ಕರೆಯುತ್ತಿದ್ದ, ಅತ್ತೆಯೂ ಹಾಗೆಯೇ. ಮಾತು ಕಲಿಯುವಾಗ ಮಗಳು ಅದನ್ನೇ ಅಮ್ಮನ ಹೆಸರೆಂದುಕೊಂಡವಳು ಕಾಲೇಜು ಸೇರಿದರೂ ಬಿಟ್ಟಿರಲಿಲ್ಲ. "ಇವಳೇ, ಟವೆಲ್!" "ಇವಳೇ, ಬಿಸಿನೀರು!" "ಇವಳೇ, ನನ್ನ ಇನ್ನೊಂದು ಚಪ್ಪಲಿ!" ಎಲ್ಲಕ್ಕೂ ಹಿತ್ತಿಲಿನಿಂದ ಮಹಡಿಗೆ ಮುಟ್ಟುವ ಒಂದೇ ಉತ್ತರ: "ಬಂದೇ!" ಮನೆಗೆ ಎರಡನೇ ಯಂತ್ರ ಇರಲಿಲ್ಲವೆಂದಲ್ಲ. ಡ್ರಾಯಿಂಗ್ ಮೇಷ್ಟ್ರಾದ ಗಂಡ ವರ್ಷಗಟ್ಟಲೆ ಸೋಫಾದಲ್ಲಿ ಸುಮ್ಮನೆ ಕೂತಿದ್ದ.

ಕೂಗಿ ಕೂಗಿ ಅವಳ ಗಂಟಲಲ್ಲಿ ಗಂಟು ಬೆಳೆಯಿತು. ಅದನ್ನು ತೆಗೆದ ಡಾಕ್ಟರಮ್ಮ ಕಡ್ಡಿ ತುಂಡು ಮಾಡಿದಂತೆ ಹೇಳಿದಳು: "ಒಂದು ವಾರ ತುಟಿ ಬಿಚ್ಚೋ ಹಾಗಿಲ್ಲ. 'ಹೂಂ' ಅಂದ್ರೂ ಸ್ವರ ಹೋದ ಹಾಗೇ."

ಮನೆಯವರು ಬಹಳ ಕಾಳಜಿ ಮಾಡಿದರು. ಮಂಚದ ಪಕ್ಕ ಒಂದು ಸ್ಟೀಲ್ ಲೋಟ, ಒಂದು ಚಮಚ ಇಟ್ಟರು.

"ಮಾತಾಡ್ಬೇಡ, ಸುಮ್ನೆ ಬಡಿ," ಎಂದ ಗಂಡ. "ಒಂದು ಸಲ ಅಂದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ."

ಮೊದಲ ದಿನವೇ ಲೋಟ ನೆಗ್ಗಿತು. ಉಪ್ಪು ಮೇಲಿನ ಡಬ್ಬಿಯಲ್ಲಿದೆಯಾ? ಠಣ್. ಒಣಗಿದ ಬಟ್ಟೆ ತೆಗೀಬೇಕಾ? ಠಣ್. ಅತ್ತೆ ಅಂಗೈಯಲ್ಲಿ ಗುಳಿಗೆ ಹರಡಿಕೊಂಡು ಬಂದರು. "ಬಿಳೀದು ಊಟಕ್ಕೆ ಮುಂಚೆನಾ, ಇವಳೇ?" ಠಣ್ ಠಣ್. ಕೊನೆಗೆ ಅವಳೇ ಎದ್ದು, ಲೋಟವನ್ನು ಕಂಕುಳಲ್ಲಿ ಇರುಕಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಉಕ್ಕುತ್ತಿದ್ದ ಹಾಲನ್ನು ಮಗಳು ಸಿನಿಮಾ ನೋಡುವಂತೆ ನೋಡುತ್ತ ನಿಂತಿದ್ದಳು. ಬೈಗುಳ ನಾಲಗೆ ತುದಿಗೆ ಬಂತು. ಬಾಯಿಗೆ ಅಂಗೈ ಒತ್ತಿಕೊಂಡಳು. ಸ್ವರ ಕೂದಲೆಳೆಯಲ್ಲಿ ಉಳಿಯಿತು.

ತಾನೆಂಥ ಪೆದ್ದಿ ಎಂದು ಹೊಳೆದದ್ದು ಆಗಲೇ. ಲೋಟ ಬಡಿದು ಮಿಡಿತ ಕಳಿಸುತ್ತಲೇ ಇದ್ದರೆ ಎರಡನೆಯದು ಯಾಕೆ ಏಳುತ್ತದೆ?

ಹೋಗಿ ಚಮಚವನ್ನು ದಿಂಬಿನಡಿ ತುರುಕಿ, ಅದರ ಮೇಲೆ ತಲೆಯಿಟ್ಟು ಮಲಗಿದಳು.

"ಇವಳೇ!" ಉತ್ತರವಿಲ್ಲ. "ಇವಳೇ?" ಇಲ್ಲ. ಮೂವರೂ ಬಾಗಿಲಲ್ಲಿ ಗುಂಪುಗೂಡಿದರು.

"ಉಸಿರಿದೆ ತಾನೇ?" ಎಂದರು ಅತ್ತೆ.

"ಕಣ್ಣು ಮಿಟುಕಿಸ್ತಿದಾಳಲ್ಲಜ್ಜಿ."

"ಹಾಗಾದ್ರೆ ನನ್ನ ಬಿಸಿನೀರು?" ಎಂದರು ಅತ್ತೆ ಮತ್ತೆ.

ಅಜ್ಜಿ-ಮೊಮ್ಮಗಳಿಬ್ಬರ ಕಣ್ಣು ಮನೆಯೆಲ್ಲ ಸುತ್ತಿ, ಬೇರೆ ದಾರಿ ಕಾಣದೆ, ಗಂಡನ ಮೇಲೆ ನಿಂತಿತು. ಊಟದ ಹೊತ್ತಿಗೆ ಹೆಂಡತಿ ಹೇಳುತ್ತಿದ್ದ ಸರ್ವರ್ ಕಥೆ ಅವನ ಕಿವಿಗೆ ಅರ್ಧವಾದರೂ ಬಿದ್ದಿತ್ತು. ವಿಳಾಸ ತೆಗೆದುಕೊಂಡವರು ಸಾರಬೇಕು. ಅವನು ಅಂಗಳಕ್ಕೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ಎಲ್ಲಾರೂ ಕೇಳ್ಕೊಳಿ! ಇವತ್ತಿಂದ 'ಇವಳೇ' ಅಂದ್ರೆ ನಾನೇ!"

ಎದುರುಮನೆಯಾತ ಕಿಟಕಿ ಮುಚ್ಚಿಕೊಂಡ. ಹಾಲಿನವನು ಮಾತ್ರ ಸೈಕಲ್ಲಿನಿಂದ ಇಳಿಯದೆಯೇ ಕೇಳಿದ: "ಇವಳೇ, ನಾಳೆ ಅರ್ಧ ಲೀಟರ್ ಹೆಚ್ಚಿಗೆ ಹಾಕ್ಲಾ?"

ಮನೆ ಬೇಗ ಒಗ್ಗಿಹೋಯಿತು. "ಇವಳೇ, ಬಿಸಿನೀರು!" ಎಂದು ಅತ್ತೆ ತಾವೇ ಹೆತ್ತ ಮಗನನ್ನು ಕರೆದರು. ಮೀಸೆಗೆ ಹಿಟ್ಟು ಮೆತ್ತಿಕೊಂಡ ಅವನು "ಬಂದೇ ಅಮ್ಮ!" ಎಂದು ಓಡಿದ. ಉಪ್ಪು ಎಲ್ಲಿದೆಯೆಂದೂ ಅವನಿಗೆ ತಿಳಿಯಿತು. ಇಷ್ಟು ವರ್ಷವೂ ಅಲ್ಲೇ ಇತ್ತಂತೆ.

ವಾರ ಕಳೆಯಿತು. ಡಾಕ್ಟರಮ್ಮ ಗಂಟಲೊಳಗೆ ದೀಪ ಹಿಡಿದು ನೋಡಿ, "ಇನ್ನು ಮಾತಾಡಿ, ಮೆಲ್ಲಗೆ," ಎಂದಳು. ಸ್ವರ ಬರದಿದ್ದರೆ ಎಂಬ ಭಯಕ್ಕೆ ಅವಳು ಮನೆ ತನಕ ಬಾಯಿ ಬಿಡಲಿಲ್ಲ.

ಹೆಗಲ ಮೇಲೆ ಮಸಿಬಟ್ಟೆ ಹೊತ್ತ ಗಂಡ ಬಾಗಿಲಲ್ಲೇ ಕಾದಿದ್ದ. "ಗುಣ ಆಯ್ತಲ್ಲ? ತಗೋ ಮಾರಾಯ್ತಿ, ನಿನ್ನ ಹೆಸರು ನಿಂಗೇ."

ಬಿದ್ದದ್ದು ಎದ್ದ ಕೂಡಲೇ ವಿಳಾಸ ಕಿತ್ತುಕೊಳ್ಳಬಾರದು, ಒಂದೇ ವಿಳಾಸಕ್ಕೆ ಎರಡು ಓಗೊಟ್ಟರೆ ಜಾಲವೇ ಕೆಡುತ್ತದೆ. ಆಸ್ಪತ್ರೆಯ ಸರ್ವರ್‌ಗಳಿಗೆ ಆ ಸೆಟ್ಟಿಂಗ್ ಅವಳೇ ಕೈಯಾರೆ ಹಾಕಿದ್ದು. ಗಂಡ ಕೂತು ಕೂತು ಸೋಫಾದಲ್ಲಿ ಬಿದ್ದಿದ್ದ ಗುಂಡಿಯಲ್ಲಿ ಅವಳು ಹಾಯಾಗಿ ಕೂತು, ಮೆಲ್ಲಗೆ ತುಟಿ ಬಿಚ್ಚಿದಳು.

"ಇವಳೇ..."

ಸ್ವರ ಇತ್ತು. ಒಂದು ಬಿರುಕೂ ಇಲ್ಲದೆ ಇತ್ತು.

"...ಒಂದು ಲೋಟ ಬಿಸಿನೀರು."

"ಬಂದೇ!" ಹೆಸರು ಹಿಂದಿರುಗಿಸಲು ನಿಂತವನ ಬಾಯಿಂದ, ಅವನಿಗೇ ತಿಳಿಯುವ ಮುಂಚೆ, ಬೀದಿಗೆಲ್ಲ ಕೇಳುವಂತೆ ಹೊರಟಿತು.

"ಅಷ್ಟು ಜೋರಾಗಿ ಕೂಗ್ಬೇಡ್ರೀ," ಎಂದಳು ಅವಳು. "ಗಂಟಲಿಗೆ ಒಳ್ಳೇದಲ್ಲ."